ಚಪ್ಪಾಳೆ ಗಿಟ್ಟಿಸಿದ ಸೊಂಟ

ನನ್ನ ಸೊಸೆಯ ಕೆಳಗಿಂದ ಕೊನೆಯ ಬ್ಲಾಕ್ ಎಳೆದು ತೆಗೆದ ದಿನ ನನ್ನ ಮಗ ಕುಣಿಯುವುದೊಂದು ಬಾಕಿ ಇತ್ತು. ವ್ಯಾಯಾಮದ ಹಾಲಿನಲ್ಲಿದ್ದ ಬಸುರಿಯರೆಲ್ಲ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಟವೆಲ್ ಮಡಿಸುತ್ತ ಕುಳಿತಿದ್ದ ನಾನೊಬ್ಬಳೇ ತಟ್ಟಲಿಲ್ಲ. ನಾನಿದ್ದ ಕಡೆಯಿಂದ ಸೊಸೆಯ ಮುಖ ಚೆನ್ನಾಗಿ ಕಾಣಿಸುತ್ತಿತ್ತು. ಅವಳು ನಗುತ್ತಿದ್ದಳು, ನಿಜ. ಆದರೆ ನಗುವಾಗ ಯಾರೂ ಕೆಳತುಟಿಯನ್ನು ಹಲ್ಲಿನಲ್ಲಿ ಅಷ್ಟು ಬಿಗಿಯಾಗಿ ಕಚ್ಚಿಕೊಳ್ಳುವುದಿಲ್ಲ.

ಈ ಬ್ಲಾಕಿನ ಕಥೆ ನನ್ನ ಗಂಡ ಶುರು ಮಾಡಿದ್ದು. ನಮ್ಮ ಮನೆಯ ಕೆಳಗಿನ ಹಾಲಿನಲ್ಲಿ ವ್ಯಾಯಾಮ ಕೇಂದ್ರ ತೆರೆದವರು ಅವರು. ಬಸುರಿಯರು ನಿಂತುಕೊಂಡು ಕಾಲುಗಳನ್ನು ಎರಡು ಬದಿಗೂ ಅಗಲಿಸುತ್ತ ಅಗಲಿಸುತ್ತ ಕೆಳಗಿಳಿಯಬೇಕು. ಕೆಳಗೆ ಮರದ ಬ್ಲಾಕುಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಅದರ ಮೇಲೆ ಕುಳಿತರೆ ಆ ವಾರದ್ದು ಮುಗಿಯಿತು. ಮುಂದಿನ ವಾರ ಒಂದು ಬ್ಲಾಕ್ ತೆಗೆಯುತ್ತಾರೆ, ಇನ್ನಷ್ಟು ಕೆಳಗಿಳಿಯಬೇಕು. ಹೀಗೆ ಇಳಿದು ಇಳಿದು ನೆಲ ಮುಟ್ಟಿದರೆ ಮೈ ಪೂರ್ತಿ ಬಿಟ್ಟುಕೊಂಡಿದೆ, ಹೆರಿಗೆ ಹೂ ಎತ್ತಿದ ಹಾಗೆ ಆಗುತ್ತದೆ ಅನ್ನುವುದು ಅವರ ಲೆಕ್ಕ. ಗಂಡ ಹೋದ ಮೇಲೆ ಕೇಂದ್ರದ ಜೊತೆಗೆ ಈ ಲೆಕ್ಕವೂ ಮಗನ ಕೈಗೆ ಬಂತು. ಎಲ್ಲರೂ ಅವನನ್ನು ಕೋಚ್ ಅನ್ನುತ್ತಾರೆ. ಈಗೀಗ ಮನೆಯಲ್ಲೂ ಅವನು ಕೋಚ್ ಥರವೇ ಮಾತಾಡುತ್ತಾನೆ.

ಸೊಸೆಗೂ ವ್ಯಾಯಾಮಕ್ಕೂ ಎಣ್ಣೆ ಸೀಗೇಕಾಯಿ. ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರ ಕಣ್ಣು ಪರೀಕ್ಷೆ ಮಾಡುತ್ತಾಳೆ, ಫ್ರೇಮು ಸರಿ ಮಾಡಿ ಮೂಗಿನ ಮೇಲೆ ಕೂರಿಸುತ್ತಾಳೆ. ಮದುವೆಯಾದ ಹೊಸದರಲ್ಲಿ ಬಗ್ಗಿ ಚಪ್ಪಲಿ ತೆಗೆದುಕೊಳ್ಳುವುದಕ್ಕೂ "ಅಯ್ಯೋ" ಅನ್ನುತ್ತಿದ್ದ ಹುಡುಗಿ. ಗಂಡ ಕೋಚ್, ಹೆಂಡತಿ ಕೊರಡು ಅಂತ ಅವಳೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ಬಸುರಿಯಾದ ಮೇಲೆ, "ಊರವರ ಹೆಂಡ್ತೀರೆಲ್ಲ ಬರ್ತಾರೆ, ನನ್ನ ಹೆಂಡ್ತಿ ಬರಲ್ಲ ಅಂದ್ರೆ ಏನಂತಾರೆ" ಎಂದು ಅವನು ರಾಗ ತೆಗೆದದ್ದಕ್ಕೆ ತರಗತಿಗೆ ಇಳಿದಳು.

ಅಂಥ ಕೊರಡು ಐದು ತಿಂಗಳು ತುಂಬುವ ಹೊತ್ತಿಗೆ ಬೆಣ್ಣೆಯಾಯಿತು. ಉಳಿದವರು ಬ್ಲಾಕಿನ ಮೇಲೆ ಬ್ಲಾಕು ಇಟ್ಟುಕೊಂಡು ಏದುಸಿರು ಬಿಡುತ್ತಿರುವಾಗ ಇವಳು ಸಲೀಸಾಗಿ ಇಳಿಯುತ್ತಿದ್ದಳು. ಮಗನ ಎದೆ ಉಬ್ಬಿತು. ತನ್ನ ತರಬೇತಿ, ಅಪ್ಪನ ಪದ್ಧತಿ, ಅಂತ ಸಿಕ್ಕಿದವರಿಗೆಲ್ಲ ಹೇಳಿದ. ಅವಳು ನೆಲ ಮುಟ್ಟಿದ ದಿನ ಫೋಟೋ ಹಿಡಿದು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೇಟಿಗೆ ಕಟ್ಟಿಸಿದ. ಬರುವ ಭಾನುವಾರ ಹೊಸಬರಿಗೆ ಉಚಿತ ಪ್ರದರ್ಶನ, ಬನ್ನಿ, ಕಣ್ಣಾರೆ ನೋಡಿ, ಅಂತ ಅದರ ಕೆಳಗೆ ಬರೆಸಿದ್ದ. ನನ್ನ ಸೊಸೆ ಏನು ಸರ್ಕಸ್ಸಿನವಳೇ?

ಹಾಲಿನಲ್ಲಿ ಬೆಣ್ಣೆಯಾಗಿದ್ದವಳು ಮನೆಯಲ್ಲಿ ಹೇಗಿದ್ದಳು ಎನ್ನುವುದನ್ನು ನೋಡುತ್ತಿದ್ದವಳು ನಾನು. ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಅವಳು ನರಳುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಪ್ಯಾಂಟು ಹಾಕಿಕೊಳ್ಳಲು ಒಂದು ಕಾಲು ಎತ್ತಬೇಕಾದರೆ ಗೋಡೆಗೆ ಭುಜ ಕೊಟ್ಟು ನಿಲ್ಲುತ್ತಿದ್ದಳು. ಮೆಟ್ಟಿಲ ಮೇಲೆ ಮೊದಲೆಲ್ಲ ದಡದಡ ಇಳಿಯುತ್ತಿದ್ದವಳು ಈಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲಿಟ್ಟು ಅದರ ಪಕ್ಕಕ್ಕೆ ಇನ್ನೊಂದನ್ನು ತಂದು, ಉಸಿರು ಎಳೆದುಕೊಂಡು, ಮತ್ತೆ ಇಳಿಯುತ್ತಿದ್ದಳು.

"ಎಲ್ಲಿ ನೋಯ್ತದೆ?" ಎಂದು ಕೇಳಿದೆ.

"ಮುಂದುಗಡೆ ಅತ್ತೆ, ತೀರಾ ಕೆಳಗೆ, ಮೂಳೆ ಮೇಲೆ. ನಡೆಯುವಾಗ ಒಳಗೇನೋ ಕಟಕ್ ಅನ್ನುತ್ತೆ. ಹಿಂದೆ ಸೊಂಟದ ಹತ್ರಾನೂ."

"ಅವನಿಗೆ ಹೇಳಿದ್ಯಾ?"

"ಹೇಳ್ದೆ. ಬಿಗಿತ ಅಂದ. ಇನ್ನೂ ಚೆನ್ನಾಗಿ ಬಿಡಿಸ್ಬೇಕಂತೆ."

ನನಗೆ ಮೈ ಉರಿಯಿತು. ನೆಲ ಮುಟ್ಟಿದ ಮೇಲೂ ಬಿಗಿತವಂತೆ. ಇನ್ನೆಲ್ಲಿಗೆ ಇಳಿಸುತ್ತಾನೆ, ಪಾತಾಳಕ್ಕೋ? ಆದರೂ ಆ ದಿನ ನಾನು ಹಲ್ಲು ಕಡಿದು ಸುಮ್ಮನಾದೆ. ವ್ಯಾಯಾಮದ ವಿಷಯದಲ್ಲಿ ನನ್ನ ಮಾತಿಗೆ ನಮ್ಮ ಮನೆಯಲ್ಲಿ ಯಾವತ್ತೂ ಕಾಸಿನ ಬೆಲೆ ಇರಲಿಲ್ಲ. ಯಾಕೆಂದರೆ ನಾನು ನಡೆಯುವ ರೀತಿ ಹಾಗಿದೆ. ಒಂದೊಂದು ಹೆಜ್ಜೆಗೂ ಮೈ ಆ ಕಡೆ ಈ ಕಡೆ ವಾಲುತ್ತದೆ. ನನ್ನ ಗಂಡ ನನ್ನನ್ನು ಬಾತುಕೋಳಿ ಎಂದು ಕರೆಯುತ್ತಿದ್ದರು, ನಾಲ್ಕು ಜನರ ಮುಂದೆ ಕೂಡ. ಹೆರಿಗೆಯಾದ ಮೇಲೆ ಮೈ ಬಗ್ಗಿಸದೆ ಕೂತಳು, ಅದಕ್ಕೇ ಹೀಗಾದಳು, ಅಂತ ಹೊಸ ಬಸುರಿಯರಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಕೇಂದ್ರದಲ್ಲಿ ನಾನು ಹೇಗಿರಬಾರದು ಎನ್ನುವುದಕ್ಕೆ ಉದಾಹರಣೆ. ಅವರು ಹೇಳಿ ಹೇಳಿ ಕೊನೆಗೆ ನಾನೂ ನಂಬಿದೆ. ನಾನು ಸೋಮಾರಿ, ಹಾಗಾಗಿ ನನ್ನ ಸೊಂಟ ಕೆಟ್ಟಿತು, ಮುಗಿಯಿತು.

ಗುರುವಾರ ಕನ್ನಡಕದ ಅಂಗಡಿಯ ಮಾಲೀಕರು ಫೋನ್ ಮಾಡಿದರು. ಸೊಸೆ ಮೇಲಿನ ಕಪಾಟಿನಿಂದ ಡಬ್ಬ ತೆಗೆಯಲು ಸಣ್ಣ ಸ್ಟೂಲಿನ ಮೇಲೆ ಒಂದು ಕಾಲಿಟ್ಟಿದ್ದಾಳೆ, ಆ ಕಾಲು ಕೈಕೊಟ್ಟಿದೆ. ಪುಣ್ಯಕ್ಕೆ ಗಿರಾಕಿಯೊಬ್ಬ ಹಿಡಿದುಕೊಂಡ. ಬಿದ್ದಿಲ್ಲ, ಆದರೆ ಕುಳಿತಲ್ಲಿಂದ ಏಳಲು ಆಗುತ್ತಿಲ್ಲ ಅಂದರು. ಮಗನಿಗೆ ಹೇಳಿದರೆ, ಭಾನುವಾರಕ್ಕೆ ಮೈಕು ಬಾಡಿಗೆಗೆ ಮಾತಾಡುತ್ತಿದ್ದವನು ಫೋನನ್ನು ಅಂಗೈಯಿಂದ ಮುಚ್ಚಿ, "ಸ್ವಲ್ಪ ರೆಸ್ಟ್ ತಗೊಳ್ಳೋಕೆ ಹೇಳಮ್ಮ, ಸಂಜೆ ನಾನೇ ಸ್ಟ್ರೆಚ್ ಮಾಡಿಸ್ತೀನಿ" ಎಂದ. ನಾನು ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದೆ. ಅಂಗಡಿಯಿಂದ ಅವಳನ್ನು ನೇರ ಆಸ್ಪತ್ರೆಗೆ ಕರೆದೊಯ್ದೆ. ಹೆರಿಗೆ ಡಾಕ್ಟರು ಸೊಸೆಯನ್ನು ನೋಡಿ, ಮಗು ಚೆನ್ನಾಗಿದೆ, ನೀವು ಇದೇ ಆಸ್ಪತ್ರೆಯ ಫಿಸಿಯೋ ಹತ್ತಿರ ಹೋಗಿ ಎಂದು ಕೆಳಗಿನ ಮಹಡಿಗೆ ಕಳಿಸಿದರು.

ಫಿಸಿಯೋ ತುಂಬ ಎತ್ತರದ ಹೆಂಗಸು. ಬಾಗಿಲು ದಾಟುವಾಗ ಅಭ್ಯಾಸಕ್ಕೆ ತಲೆ ತಗ್ಗಿಸುತ್ತಿದ್ದಳು. ಸೊಸೆಯನ್ನು ಮಲಗಿಸಿ, ಎಲ್ಲೆಲ್ಲೋ ಮೆತ್ತಗೆ ಒತ್ತಿ ನೋಡಿ, ಮಂಡಿ ಮಡಿಸಿ ನೋಡಿ, ಇಡೀ ದಿನ ಏನೇನು ಮಾಡುತ್ತೀಯ ಎಂದು ಕೇಳಿದಳು. ಬ್ಲಾಕಿನ ಮಾತು ಬಂದಾಗ ಅವಳ ಕೈ ನಿಂತಿತು.

"ಇದನ್ನ ಯಾರು ಮಾಡಿಸಿದ್ದು?"

ಸೊಸೆ ನನ್ನ ಮುಖ ನೋಡಿದಳು. "ನಮ್ಮನೆಯವರು," ಎಂದಳು, ಬೇರೆ ಯಾರದೋ ತಪ್ಪು ಒಪ್ಪಿಕೊಳ್ಳುವವಳ ಹಾಗೆ.

"ನೋಡಿ, ಸೊಂಟದ ಮೂಳೆ ಮುಂದೆ ಒಂದು ಕಡೆ, ಹಿಂದೆ ಎರಡು ಕಡೆ ಕೂಡಿಕೊಂಡಿರುತ್ತೆ," ಎಂದು ಫಿಸಿಯೋ ತನ್ನ ಎರಡೂ ಕೈಗಳ ಬೆರಳು ಹೆಣೆದು ತೋರಿಸಿದಳು. "ಬಸುರಿಲಿ ಹಾರ್ಮೋನಿಂದ ಈ ಕೀಲುಗಳನ್ನ ಹಿಡಿದಿರೋ ಕಟ್ಟು ತಾನಾಗೇ ಸ್ವಲ್ಪ ಸಡಿಲ ಆಗುತ್ತೆ. ಕೆಲವರಿಗೆ ಜಾಸ್ತೀನೇ ಆಗುತ್ತೆ. ಅಂಥ ಹೊತ್ತಲ್ಲಿ ಇನ್ನೂ ಎಳೀಬಾರದು. ಸುತ್ತ ಇರೋ ಸ್ನಾಯು ಗಟ್ಟಿ ಮಾಡಿ ಕೀಲನ್ನ ಹಿಡಿದಿಟ್ಕೋಬೇಕು."

"ಹಾಗಾದ್ರೆ ನಾನು ನೆಲ ಮುಟ್ಟಿದ್ದು?"

"ಅದು ಮೈ ಪಳಗಿದ್ದಕ್ಕಲ್ಲ. ಕಟ್ಟು ಸಡಿಲ ಆಗಿದ್ದಕ್ಕೆ."

ಸೊಸೆ ಸೂರು ನೋಡುತ್ತ ಮಲಗಿದ್ದಳು. "ಎಲ್ಲರೂ ಚಪ್ಪಾಳೆ ತಟ್ಟಿದ್ರು," ಎಂದಳು.

ವ್ಯಾಯಾಮ ಪೂರ್ತಿ ಬಿಡಿ ಅಂತಲೂ ಅವಳು ಹೇಳಲಿಲ್ಲ. ಮಂಡಿಗಳ ನಡುವೆ ದಿಂಬು ಇಟ್ಟು ಮೆತ್ತಗೆ ಅದುಮುವುದು, ಮಲಗಿ ಮಂಡಿ ಮಡಿಸಿ ಸೊಂಟವನ್ನು ಸ್ವಲ್ಪವೇ ಎತ್ತಿ ಇಳಿಸುವುದು, ಉಸಿರು ಬಿಡುತ್ತ ಕೆಳಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುವುದು, ಇಂಥವನ್ನು ತೋರಿಸಿಕೊಟ್ಟಳು. ಮಗ್ಗುಲಾಗುವಾಗ ಮಂಡಿ ಜೋಡಿಸಿಕೊಂಡೇ ಹೊರಳಬೇಕು, ಬಟ್ಟೆ ಹಾಕಿಕೊಳ್ಳುವುದು ಕುಳಿತುಕೊಂಡೇ, ಒಂದೇ ಕಾಲಿನ ಮೇಲೆ ಭಾರ ಬೇಡ. ಸೊಂಟಕ್ಕೆ ಅಗಲವಾದ ಒಂದು ಬೆಲ್ಟ್ ಕಟ್ಟಿದಳು. ಬೆಲ್ಟ್ ಬಿಗಿಯುತ್ತಿದ್ದ ಹಾಗೆ ಸೊಸೆ ಉಸ್ಸೆಂದು ಉಸಿರು ಬಿಟ್ಟು, "ಯಾರೋ ಹಿಡ್ಕೊಂಡ ಹಾಗಿದೆ" ಎಂದಳು. ಕಾಲು ಅಗಲಿಸುವುದು ಮಾತ್ರ ಸುತರಾಂ ಬೇಡ ಎಂದು ಫಿಸಿಯೋ ಎರಡು ಸಲ ಹೇಳಿದಳು. ಈಗಲೇ ನೋಡಿಕೊಂಡರೆ ಸಾಮಾನ್ಯವಾಗಿ ಹೆರಿಗೆಯ ನಂತರ ಸರಿಹೋಗುತ್ತದೆ, ಹೀಗೇ ಎಳೆಯುತ್ತ ಹೋದರೆ ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟವಾಗಬಹುದು ಅಂದಳು.

ನಾನು ಹೊರಡಲು ಕುರ್ಚಿಯಿಂದ ಎದ್ದೆ. ನಾನು ಏಳುವುದು ಅಂದರೆ ಮೊದಲು ಮೇಜು ಹಿಡಿಯಬೇಕು, ಆಮೇಲೆ ಒಂದು ಕಡೆ ವಾಲಬೇಕು, ಆಮೇಲೆ ನೆಟ್ಟಗಾಗಬೇಕು. ಫಿಸಿಯೋ ನೋಡುತ್ತಲೇ ಇದ್ದಳು.

"ಅಮ್ಮ, ನಿಮಗೆ ಇದು ಯಾವಾಗಿಂದ?"

"ನನ್ನದು ಬಿಡಿ, ಹಳೇದು. ಮಗ ಹೊಟ್ಟೇಲಿದ್ದಾಗಿಂದ."

"ನೀವೂ ಬ್ಲಾಕ್ ಮೇಲೆ ಕೂತಿದ್ರಾ?"

ಕೂತಿದ್ದೆ. ಆ ಕೇಂದ್ರದಲ್ಲಿ ನೆಲ ಮುಟ್ಟಿದ ಮೊದಲ ಬಸುರಿ ನಾನು. ಆವತ್ತೂ ಚಪ್ಪಾಳೆ ತಟ್ಟಿದ್ದರು. ಅದರ ಮರುವಾರವೇ ನನಗೆ ಬಚ್ಚಲ ಹೊಸ್ತಿಲು ದಾಟಲು ಆಗಿರಲಿಲ್ಲ. ಗಂಡನಿಗೆ ಹೇಳಿದಾಗ ಅವರೂ ಬಿಗಿತ ಎಂದೇ ಹೇಳಿ, ನನ್ನ ಎರಡು ಪಾದಗಳನ್ನೂ ಹಿಡಿದು ಇನ್ನಷ್ಟು ಅಗಲಿಸಿದ್ದರು. ಫಿಸಿಯೋ ನನ್ನನ್ನೂ ಮಲಗಿಸಿ, ಸೊಸೆಗೆ ಒತ್ತಿದ ಜಾಗದಲ್ಲೇ ಒತ್ತಿದಳು. ನಾನು ಕೂಗಿಕೊಂಡೆ. ಇಷ್ಟು ವರ್ಷದ ಮೇಲೆ ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾರೆ, ಆದರೆ ಜಾಗವೇನೋ ಅದೇ ಎಂದಳು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ಎಲ್ಲಿಗೆ ಒಯ್ದು ಸುರಿಯುವುದು? ನನ್ನ ಸೊಂಟ ಮುರಿದವರೇ ನನಗೆ ಬಾತುಕೋಳಿ ಎಂದು ಹೆಸರಿಟ್ಟರು. ನಾನು ಆ ಹೆಸರಿಗೆ ಓಗೊಟ್ಟೆ, ಅವರ ಟವೆಲ್ ಒಗೆದೆ, ಅವರ ಬ್ಲಾಕುಗಳನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟೆ. ಆಟೋದಲ್ಲಿ ಕುಳಿತಾಗ ಸೊಸೆ ನನ್ನ ಕೈ ಹಿಡಿದುಕೊಂಡಳು. ಬೆಲ್ಟ್ ಕಟ್ಟಿಕೊಂಡ ಬಸುರಿಯೇ ನನಗೆ ಸಮಾಧಾನ ಹೇಳಬೇಕಾಯಿತು.

ಮನೆಗೆ ಬಂದು ಮಗನಿಗೆ ಎಲ್ಲವನ್ನೂ ಹೇಳಿದ್ದು ಸೊಸೆಯೇ. ನನ್ನ ವಿಷಯ ತೆಗೆಯಬೇಡ, ಅದು ನನ್ನ ಹೊಟ್ಟೆಯಲ್ಲಿರಲಿ, ಅಂತ ನಾನೇ ತಡೆದಿದ್ದೆ. ಅವಳು ಫಿಸಿಯೋ ಥರವೇ ಬೆರಳು ಹೆಣೆದು ತೋರಿಸಿದಳು. ಮಗ ಗೋಡೆಗೆ ಒರಗಿಕೊಂಡು ಕೇಳಿದ.

"ಆಸ್ಪತ್ರೆಯೋರು ಹಾಗೇ ಹೆದರಿಸೋದು. ಅವರ ಹತ್ರ ಬರೋರೆಲ್ಲ ನೋವಿರೋರೇ. ನಮ್ಮ ಹತ್ರ ಬಂದು ಸುಸೂತ್ರವಾಗಿ ಹೆತ್ತೋರು ಅವರ ಕಣ್ಣಿಗೆ ಬಿದ್ದಿದ್ದಾರಾ?"

"ನಂಗೆ ನೋವಿದೆ," ಎಂದಳು ಸೊಸೆ. "ಅದು ಆಸ್ಪತ್ರೆಯೋರು ಹೇಳಿದ್ದಲ್ಲ."

"ಭಾನುವಾರ ಒಂದೇ ಒಂದ್ಸಲ. ಆಮೇಲೆ ನೀನು ಬೆಲ್ಟ್ ಕಟ್ಕೋ, ಏನ್ ಬೇಕಾದ್ರೂ ಮಾಡು. ಗೇಟಿನ ಮೇಲೆ ನಿನ್ನ ಫೋಟೋ ಇದೆ ಕಣೆ. ನೀನೇ ಮಾಡಲ್ಲ ಅಂದ್ರೆ ನನ್ನ ಮಾನ ಏನಾಗ್ಬೇಕು?"

"ಮಾಡಲ್ಲ."

ಇಷ್ಟು ಚಿಕ್ಕ ಮಾತನ್ನು ನನ್ನ ಕಾಲದಲ್ಲಿ ನನ್ನ ಬಾಯಿಂದ ಯಾರೂ ಕೇಳಿರಲಿಲ್ಲ. ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಮಗ ಮುಖ ಗಂಟು ಹಾಕಿಕೊಂಡು ಕೆಳಗೆ ಹೋದ. ಶುಕ್ರವಾರ, ಶನಿವಾರ ಆ ಮಾತು ಎತ್ತಲೇ ಇಲ್ಲ. ಶನಿವಾರ ಸಂಜೆಯಂತೂ ತಾನೇ ಹೋಗಿ ಅವಳಿಗೆ ಇಷ್ಟದ ಹಣ್ಣು ತಂದು ಹೆಚ್ಚಿಕೊಟ್ಟ. ಪರವಾಗಿಲ್ಲ, ಬುದ್ಧಿ ಬಂತು ಎಂದುಕೊಂಡೆ. "ನೀನು ಸುಮ್ಮನೆ ಬಂದು ಮುಂದೆ ಕೂತ್ಕೋ, ಸಾಕು. ಜನ ನಿನ್ನ ನೋಡೋಕೆ ಬರ್ತಾರೆ" ಎಂದು ಅವಳನ್ನು ಒಪ್ಪಿಸಿದ.

ಭಾನುವಾರ ಹಾಲು ಕಿಕ್ಕಿರಿದಿತ್ತು. ಬಸುರಿಯರು, ಅವರ ಗಂಡಂದಿರು, ಕೆಲವರ ಅಮ್ಮಂದಿರು. ನಾನು ಎಂದಿನ ಹಾಗೆ ಬಾಗಿಲ ಬಳಿ. ಮಗ ಮೈಕು ಹಿಡಿದು ಅಪ್ಪನ ಬಗ್ಗೆ, ಪದ್ಧತಿಯ ಬಗ್ಗೆ ಹೇಳಿದ. ಅವನ ಮಾತೇ ಹಾಗೆ, ಎಂಥವರನ್ನೂ ಕರಗಿಸುತ್ತದೆ. ಹೊಸಬರನ್ನು ಮ್ಯಾಟಿನ ಮೇಲೆ ಕಾಲು ಚಾಚಿ ಕೂರಿಸಿದ. ಆಮೇಲೆ ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲಿದ್ದ ಹೆಂಡತಿಯ ಕಡೆ ಕೈ ಚಾಚಿ, "ಮಾತು ಸಾಕು. ಈಗ ನೀವು ಯಾರನ್ನ ನೋಡೋಕೆ ಬಂದ್ರೋ ಅವರೇ ಬರ್ತಾರೆ, ಒಂದು ಚಪ್ಪಾಳೆ" ಎಂದ.

ಚಪ್ಪಾಳೆ ಶುರುವಾಯಿತು. ನನಗೆ ಆಗ ಅರ್ಥವಾಯಿತು, ಹಣ್ಣು ಹೆಚ್ಚಿಕೊಟ್ಟದ್ದು ಯಾಕೆಂದು. ನಾಲ್ಕು ಗೋಡೆಯ ನಡುವೆ ಮಾಡಲ್ಲ ಅನ್ನಬಹುದು. ಅಷ್ಟು ಜನ ಚಪ್ಪಾಳೆ ತಟ್ಟುತ್ತಿರುವಾಗ ಗಂಡನ ಮುಖಕ್ಕೆ ಮಾಡಲ್ಲ ಅನ್ನುವುದು ಹೇಗೆ? ಸೊಸೆ ಅವನನ್ನೇ ನೋಡಿದಳು. ಅವನು ನಗುತ್ತಿದ್ದ. ಅವಳ ಕೈ ನಿಧಾನವಾಗಿ ಬೆಲ್ಟಿನ ಮೇಲೆ ಹೋಯಿತು. ಅದನ್ನು ಬಿಚ್ಚತೊಡಗಿದಳು.

ನಾನು ಎದ್ದೆ. ಹಾಲಿನ ಮ್ಯಾಟಿನ ಮೇಲೆ ಚಪ್ಪಲಿ ಹಾಕಿಕೊಂಡು ಕಾಲಿಡಬಾರದು ಎನ್ನುವುದು ನನ್ನ ಗಂಡ ಮಾಡಿದ ನಿಯಮ. ಇಷ್ಟು ವರ್ಷ ಅದನ್ನು ಕಾಯ್ದವಳು ನಾನೇ, ಎಷ್ಟೋ ಜನರಿಗೆ ಗದರಿದ್ದೇನೆ. ಆ ಮ್ಯಾಟನ್ನು ಚಪ್ಪಲಿ ಕಾಲಿನಲ್ಲೇ ತುಳಿದುಕೊಂಡು, ಜನರ ನಡುವೆ ವಾಲಿ ವಾಲಿ ನಡೆದು, ಸೊಸೆಯ ಮುಂದೆ ನಿಂತೆ. ಅವಳ ಕೈ ಹಿಡಿದು ಬೆಲ್ಟಿನಿಂದ ತೆಗೆದೆ.

"ಬಿಚ್ಬೇಡ. ಕೂತ್ಕೋ."

ಚಪ್ಪಾಳೆ ಒಂದೊಂದಾಗಿ ನಿಂತಿತು. ಮಗನಿಗೆ ಕೋಪ ಬಂದದ್ದು ನನಗೆ ಗೊತ್ತಾಯಿತು, ಆದರೆ ಮೈಕು ಕೈಯಲ್ಲಿತ್ತಲ್ಲ, ನಗು ಬಿಡಲಿಲ್ಲ. "ಇವರು ನಮ್ಮಮ್ಮ," ಎಂದ. "ಸೊಸೆ ಅಂದ್ರೆ ಪ್ರಾಣ, ಹಾಗಾಗಿ ಸ್ವಲ್ಪ ಗಾಬರಿ. ನಿಮಗೆ ಗೊತ್ತಾ, ಈ ಕೇಂದ್ರದ ಮೊದಲ ವಿದ್ಯಾರ್ಥಿ ಇವರೇ. ನಾನು ಇವರ ಹೊಟ್ಟೇಲಿದ್ದಾಗ ಅಪ್ಪ ಇವರಿಗೂ ಇದನ್ನೇ ಮಾಡಿಸಿದ್ರು. ಬೇಕಾದ್ರೆ ಕೇಳಿ."

"ಹೌದು, ಕೇಳಿ," ಎಂದೆ ನಾನು. ನನಗೆ ಮೈಕು ಬೇಕಾಗಿರಲಿಲ್ಲ. "ಈಗ ನಾನು ಆ ಬಾಗಿಲಿಂದ ಇಲ್ಲಿಗೆ ಬಂದೆ. ನೀವೆಲ್ಲ ನೋಡಿದ್ರಿ. ಇವನಪ್ಪ ನನ್ನನ್ನೂ ನೆಲ ಮುಟ್ಟಿಸಿದ್ರು. ನನಗೂ ಚಪ್ಪಾಳೆ ಬಿತ್ತು. ಆವತ್ತಿಂದ ನಾನು ಹೀಗೆ ನಡೀತಿದ್ದೀನಿ. ನೋವು ಅಂದೆ, ಬಿಗಿತ ಅಂದ್ರು. ಇವಳು ನೋವು ಅಂದ್ಲು, ಇವನೂ ಬಿಗಿತ ಅಂದ. ಆಸ್ಪತ್ರೆಲಿ ಕಾಲು ಅಗಲಿಸಲೇಬಾರದು ಅಂದಿದ್ದಾರೆ, ಆದ್ರೂ ನಿಮ್ಮೆದುರಿಗೆ ಕೂರಿಸೋಕೆ ಹೊರಟಿದ್ದಾನೆ. ನಿಮಗೂ ಯಾರಿಗಾದ್ರೂ ಮುಂದೆ ಕೆಳಗೆ ಮೂಳೆ ನೋಯ್ತಾ ಇದ್ರೆ ಕಾಲು ಮಡಚಿಕೊಂಡು ಮನೆಗೆ ಹೋಗಿ, ಡಾಕ್ಟರಿಗೆ ತೋರಿಸಿ."

ಮುಂದಿನ ಸಾಲಿನ ಬಸುರಿಯೊಬ್ಬಳು ಚಾಚಿದ್ದ ಕಾಲುಗಳನ್ನು ಮೆಲ್ಲಗೆ ಒಳಗೆಳೆದುಕೊಂಡಳು. ಅವಳ ಪಕ್ಕದವಳೂ ಎಳೆದುಕೊಂಡಳು. ಗಂಡಸರು ನನ್ನ ಕಾಲು ನೋಡುವುದೋ ಬೇಡವೋ ತಿಳಿಯದೆ ಸೂರು ನೋಡಿದರು.

ಮಗ ಮೈಕನ್ನು ಕೆಳಗಿಟ್ಟು ನನ್ನ ಹತ್ತಿರ ಬಂದ. ಅವನ ಮುಖದಲ್ಲಿ ಕೋಪ ಇನ್ನೂ ಇತ್ತು, ಅದರ ಹಿಂದೆ ಬೇರೆ ಏನೋ ಶುರುವಾಗಿತ್ತು.

"ಏನಮ್ಮ ಇದು," ಎಂದ ಸಣ್ಣ ದನಿಯಲ್ಲಿ. "ಯಾಕೆ ಏನೇನೋ ಹೇಳ್ತೀಯಾ? ನೀನು ನಡೆಯೋದೇ ಹಾಗಲ್ವಾ? ಮೊದಲಿಂದಲೂ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಸುಟ್ಟಿತು. ಒಬ್ಬೊಬ್ಬರ ಮೂಗು ಒಂದೊಂದು ಥರ ಇರುವ ಹಾಗೆ ಅವನಮ್ಮನ ನಡಿಗೆ ಹೀಗೆ ಎಂದು ಅವನು ತಿಳಿದುಕೊಂಡಿದ್ದ. ನನ್ನ ಸೊಂಟದ ಮೇಲೆ ಕೂತು ಬೆಳೆದವನಿಗೆ ಆ ಸೊಂಟಕ್ಕೆ ಏನಾಗಿದೆ ಎಂದು ಒಂದು ದಿನವೂ ಕೇಳಬೇಕೆನಿಸಿರಲಿಲ್ಲ.

"ಮೊದಲಿಂದ ಅಂದ್ರೆ ನೀನು ಹುಟ್ಟಿದ ಮೇಲಿಂದ," ಎಂದೆ. "ಅದಕ್ಕೂ ಮುಂಚೆ ನಾನು ಓಡ್ತಿದ್ದೆ ಕಣೋ. ನಿಮ್ಮಪ್ಪ ನನ್ನನ್ನ ಮೊದಲು ನೋಡಿದ್ದೇ ನಾನು ಬಸ್ಸಿನ ಹಿಂದೆ ಓಡೋವಾಗ. ನಾನು ಹತ್ತಿಬಿಟ್ಟೆ. ಅವರ ಕೈಲಿ ಆಗ್ಲಿಲ್ಲ."

ಅವನು ನನ್ನ ಕಾಲುಗಳನ್ನು ನೋಡಿದ, ಆಮೇಲೆ ಮುಖ ನೋಡಿದ.

"ನೀನು ಓಡ್ತಿದ್ಯಾ?" ಎಂದು ಕೇಳಿದ.

ಅವನ ದನಿಯಲ್ಲಿ ಒಂದಿಷ್ಟೂ ನಂಬಿಕೆ ಇರಲಿಲ್ಲ. ನಾನು ಸೊಸೆಯ ಬೆಲ್ಟ್ ಮತ್ತೆ ಬಿಗಿದು, ಮಂಡಿ ಜೋಡಿಸಿಕೊಂಡು ಏಳಮ್ಮ ಎಂದು ಅವಳಿಗೆ ಭುಜ ಕೊಟ್ಟೆ.